ವಾಲ್ ಸ್ಟ್ರೀಟಿನ ಪಕ್ಕದ ಗೋಧಿ ಹೊಲ

1982ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ತುದಿಯಲ್ಲಿ ಎರಡು ಎಕರೆ ಗೋಧಿ ಬೆಳೆದು ನಿಂತಿತ್ತು. ಬೆಳೆದವರು ರೈತರಲ್ಲ, ಕಲಾವಿದೆ. 1931ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆಗ್ನೆಸ್ ಡೆನೆಸ್. ಸಾರ್ವಜನಿಕ ಸ್ಥಳಕ್ಕೆ ಇನ್ನೊಂದು ಶಿಲ್ಪ ಮಾಡಿಡುವ ಬದಲು ಅವರು ಹೊಲವನ್ನೇ ಕೃತಿಯಾಗಿಸಿದರು. ಅದರ ಹೆಸರು ‘ವೀಟ್‌ಫೀಲ್ಡ್: ಎ ಕನ್‌ಫ್ರಂಟೇಶನ್’.

ವಾಲ್ ಸ್ಟ್ರೀಟ್ ಅಲ್ಲಿಂದ ಕೂಗಳತೆಯ ದೂರ. ಆ ಜಾಗದ ಬೆಲೆ 450 ಕೋಟಿ ಡಾಲರ್ ಎಂದು ಡೆನೆಸ್ ಲೆಕ್ಕ ಕೊಟ್ಟಿದ್ದರು. ಅಷ್ಟು ಬೆಲೆಯ ನೆಲದಲ್ಲಿ ಅನ್ನ ಬೆಳೆಯುವುದು ಲಾಭದ ದೃಷ್ಟಿಯಿಂದ ಹುಚ್ಚುತನವೇ. ಜಗತ್ತಿನ ಹಸಿವು, ಭೂಮಿಯ ದುರ್ಬಳಕೆ, ನಮ್ಮ ಆದ್ಯತೆಗಳ ತಲೆಕೆಳಗು ಇವನ್ನೆಲ್ಲ ಆ ಹುಚ್ಚುತನದಿಂದಲೇ ಅವರು ಕಾಣಿಸಬಯಸಿದ್ದರು.

ಈ ಕೃತಿಯನ್ನು ‘ನಗರದ ಎದುರು ಪ್ರಕೃತಿ’ ಎಂದು ಓದುವುದು ರೂಢಿ. ಆದರೆ ಅದರ ಚರಿತ್ರೆ ಅಷ್ಟು ಸರಳವಾಗಿಲ್ಲ. ಹೊಲದ ಕೆಳಗಿದ್ದದ್ದು ಸಹಜ ಭೂಮಿಯಲ್ಲ. ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುವಾಗ ಅಗೆದ ಕಲ್ಲುಮಣ್ಣನ್ನು ಹಡ್ಸನ್ ನದಿಗೆ ಸುರಿದು ಮಾಡಿದ ನೆಲ ಅದು. ಅದರ ಮೇಲೆ 200 ಲಾರಿ ಮಣ್ಣು ಹರಡಬೇಕಾಯಿತು. ಕಲ್ಲು, ಕಸ ಆಯ್ದು, ಕೈಯಿಂದಲೇ 285 ಸಾಲು ತೋಡಿ, ಕೈಯಿಂದಲೇ ಬೀಜ ಹಾಕಿದರು. ಮುಂದೆ ನಾಲ್ಕು ತಿಂಗಳು ನೀರು ಹಾಯಿಸುವುದು, ಕಳೆ ಕೀಳುವುದು, ಗೊಬ್ಬರ ಹಾಕುವುದು, ಬೂಷ್ಟು ಬಾರದಂತೆ ಔಷಧಿ ಹೊಡೆಯುವುದು ನಡೆದೇ ಇತ್ತು. ಹಾಗಾಗಿ ನಗರದಲ್ಲಿ ಉಳಿದುಕೊಂಡಿದ್ದ ಹಸಿರಿನ ತುಣುಕು ಎಂದು ಇದನ್ನು ಕರೆಯಲಾಗದು. ನಗರದ್ದೇ ಅವಶೇಷದ ಮೇಲೆ ದುಡಿಮೆಯಿಂದ ಕಟ್ಟಿದ ಹೊಲ ಇದು. ಗೋಪುರಗಳನ್ನು ಎಬ್ಬಿಸಿದ ಗುಂಡಿಯೂ ಗೋಧಿ ನಿಂತ ನೆಲವೂ ಒಂದೇ ಕಾಮಗಾರಿಯ ಎರಡು ಮುಖಗಳು.

ಆಗಸ್ಟ್ 16ರಂದು ಕೊಯ್ಲಾಯಿತು. ಸಿಕ್ಕಿದ್ದು ಸಾವಿರ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 450 ಕಿಲೋ. ಆ ಕಾಳು ಮುಂದೆ ಹಸಿವಿನ ಕುರಿತ ಸಂಚಾರಿ ಕಲಾಪ್ರದರ್ಶನವೊಂದರ ಜೊತೆ 28 ನಗರಗಳನ್ನು ಸುತ್ತಿತು. ಹೊಲವಿದ್ದ ಕಡೆ ಬ್ಯಾಟರಿ ಪಾರ್ಕ್ ಸಿಟಿಯ ಕಟ್ಟಡಗಳೆದ್ದವು. 2015ರಲ್ಲಿ ಡೆನೆಸ್ ಇಟಲಿಯ ಮಿಲಾನ್ ನಗರದ ನಡುವೆ ಮತ್ತೆ ಗೋಧಿ ಬೆಳೆಸಿದರು.

ಕೃತಿಯೇ ಇಲ್ಲವಾದ ಮೇಲೆ ಕಲೆಯ ಚರಿತ್ರೆ ಬರೆಯುವವರಿಗೆ ಉಳಿಯುವುದು ಫೋಟೋಗಳು, ಲೆಕ್ಕಪತ್ರಗಳು. ಆ ಫೋಟೋಗಳಲ್ಲಿ ಮುಂದೆ ಗೋಧಿ, ಹಿಂದೆ ಅವಳಿ ಗೋಪುರಗಳು. ತೆಗೆದ ದಿನ ಅವುಗಳಲ್ಲಿ ತಾತ್ಕಾಲಿಕವಾಗಿದ್ದದ್ದು ಗೋಧಿ ಮಾತ್ರ. 2001ರ ಬಳಿಕ ನೋಡುವವರಿಗೆ ಎರಡೂ ಇಲ್ಲ. ಬೇಗ ಅಳಿಯುವ ವಸ್ತುವಿನಲ್ಲಿ ಮಾಡಿದ ಕಲೆ, ಶಾಶ್ವತವೆಂದು ನಾವು ನಂಬಿದ್ದರ ವಯಸ್ಸನ್ನೂ ಲೆಕ್ಕ ಹಾಕಿಸುತ್ತದೆ.