ಅಗ್ಗದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಆರು ಮಾತುಗಳಲ್ಲಿ ಎಷ್ಟು ನಿಜ?

ಹೊಸದಾಗಿದ್ದಾಗ 80 ಲಕ್ಷ ರೂಪಾಯಿ ಇದ್ದ ಎರಡು ಬಾಗಿಲಿನ ಕಾರು ಈಗ 20 ಲಕ್ಷಕ್ಕೆ! ಹೊರರಾಜ್ಯದ ನಂಬರ್, ಕಡಿಮೆ ಕಿಲೋಮೀಟರ್, ಒಬ್ಬರೇ ಮಾಲೀಕರು, 'ಸಣ್ಣಪುಟ್ಟ ಕೆಲಸ ಅಷ್ಟೇ ಬಾಕಿ'. ಇಂಥ ಸಂದೇಶಗಳು ಫೋಟೊ ಸಮೇತ ಗುಂಪಿಂದ ಗುಂಪಿಗೆ ಹಾರುತ್ತಲೇ ಇರುತ್ತವೆ. ಜೊತೆಗೆ ತೆರಿಗೆ, ಪೆಟ್ರೋಲ್, ಎಂಜಿನ್ ಬಗ್ಗೆ ಒಂದಷ್ಟು ಬಿಟ್ಟಿ ಸಲಹೆಗಳೂ ಬರುತ್ತವೆ. ಅವನ್ನು ನಂಬಿ ಉಳಿತಾಯದ ಹಣ ಸುರಿದರೆ ಕಾರು ಗ್ಯಾರೇಜಿನಲ್ಲಿ, ಸಾಲದ ಕಂತು ಮನೆಯಲ್ಲಿ ಎಂಬ ಸ್ಥಿತಿ ಬರಬಹುದು. ಪದೇ ಪದೇ ಕೇಳಿಬರುವ ಆರು ಮಾತುಗಳನ್ನು ಒಂದೊಂದಾಗಿ ನೋಡೋಣ.

1. 'ಹೊರರಾಜ್ಯದ ನಂಬರ್ ಇದ್ದರೆ ಒಂದು ವರ್ಷ ತೆರಿಗೆ ಇಲ್ಲ'

ಕೊಳ್ಳುವವರ ಮಟ್ಟಿಗೆ ಇದು ತಪ್ಪು.

ಮೋಟಾರು ವಾಹನ ಕಾಯ್ದೆಯ 47ನೇ ಕಲಂನಲ್ಲಿ 12 ತಿಂಗಳ ಪ್ರಸ್ತಾಪ ಇರುವುದು ನಿಜ. ಆದರೆ ಅದು ಇರುವುದು ನೋಂದಣಿ ಸಂಖ್ಯೆ ಬದಲಾಯಿಸುವ ವಿಚಾರಕ್ಕೆ, ತೆರಿಗೆ ವಿನಾಯಿತಿಗಲ್ಲ. ಕಾರು ಕೊಂಡವರಿಗೆ ಬೇರೆ ನಿಯಮವೇ ಇದೆ: 30 ದಿನಗಳ ಒಳಗೆ ನಿಮ್ಮ ವಾಸಸ್ಥಳದ ಆರ್‌ಟಿಒಗೆ ಮಾಲೀಕತ್ವ ವರ್ಗಾವಣೆಯ ಅರ್ಜಿ ಕೊಡಬೇಕು. ಹಾಗಾಗಿ ಪದ್ಮನಾಭನಗರದಲ್ಲಿ ಇರುವವರು ಮುಂಬೈ ಅಥವಾ ಪುದುಚೇರಿಯ ಕಾರು ಕೊಂಡರೆ, ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಲೇಬೇಕು.

ತೆರಿಗೆ ಎಷ್ಟು? 20 ಲಕ್ಷ ಮೀರಿದ ಹೊಸ ಕಾರಿಗೆ ಶೇ 18, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿನ ಲೆಕ್ಕದಲ್ಲಿ ರಿಯಾಯಿತಿ ಇದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ 20 ಲಕ್ಷದಿಂದಲ್ಲ, ಮೂಲ ಬೆಲೆಯಾದ 80 ಲಕ್ಷದಿಂದ. ಅದರ ಶೇ 18 ಎಂದರೆ 14.4 ಲಕ್ಷ. ರಿಯಾಯಿತಿ ಕಳೆದರೂ ಉಳಿಯುವ ಮೊತ್ತ ಲಕ್ಷಗಳಲ್ಲೇ ಇರುತ್ತದೆ. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಅಲ್ಲಿ ಅರ್ಜಿ ಹಾಕಿ ವಾಪಸ್ ಕೇಳಬಹುದು. ಅದು ಆಮೇಲಿನ ಮಾತು, ಇಲ್ಲಿನದನ್ನು ಮೊದಲು ಕಟ್ಟಬೇಕು.

2025ರ ಜುಲೈನಲ್ಲಿ ಬೆಂಗಳೂರು ದಕ್ಷಿಣ ಆರ್‌ಟಿಒ ಅಧಿಕಾರಿಗಳು ಮಹಾರಾಷ್ಟ್ರ ನೋಂದಣಿಯ ಒಂದು ಕೆಂಪು ಫೆರಾರಿಯನ್ನು ತಡೆದರು. ಮಾಲೀಕರು ಸುಮಾರು 1.41 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಅದೇ ವರ್ಷದ ಆರಂಭದಲ್ಲೂ ನಗರದಲ್ಲಿ ತೆರಿಗೆ ಬಾಕಿಯ ಹಲವು ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ ವಶಪಡಿಸಿಕೊಂಡಿತ್ತು.

2. 'ಹಳೇ ಕಾರು ಮಾರಿದರೆ ಶೇ 18 ಜಿಎಸ್‌ಟಿ. 15 ವರ್ಷ ಆದರೆ ಗುಜರಿಗೆ'

ಎರಡೂ ಅರ್ಧ ಸತ್ಯ.

2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಹೊರಬಿದ್ದಾಗ ಈ ಸಂದೇಶ ಜೋರಾಗಿ ಹರಿದಾಡಿತು. ಆ ತೆರಿಗೆ ಬೀಳುವುದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ, ಅದೂ ಅವರ ಲಾಭದ ಭಾಗಕ್ಕೆ ಮಾತ್ರ. ನಿಮ್ಮ ಪಕ್ಕದ ಮನೆಯವರು ತಮ್ಮ ಸ್ವಂತ ಕಾರನ್ನು ನಿಮಗೆ ಮಾರಿದರೆ ಜಿಎಸ್‌ಟಿ ಇಲ್ಲ.

15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧ ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಖಾಸಗಿ ಕಾರನ್ನು ಫಿಟ್‌ನೆಸ್ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಖರ್ಚು ಕಡಿಮೆಯಲ್ಲ. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕವನ್ನು ಸಾಮಾನ್ಯ ಕಾರಿಗೆ 5,000, ಆಮದು ಕಾರಿಗೆ 40,000 ರೂಪಾಯಿಗೆ ಏರಿಸಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಇದು ಕ್ರಮವಾಗಿ 10,000 ಮತ್ತು 80,000 ಆಯಿತು.

3. 'ಕಡಿಮೆ ಓಡಿದೆ, ಹಾಗಾಗಿ ಎಂಜಿನ್ ಹೊಸದರಂತಿದೆ'

ನಂಬುವಂತಿಲ್ಲ.

ಮೊದಲನೆಯದಾಗಿ, ಓಡೊಮೀಟರ್ ತಿದ್ದಬಹುದು. ಮೀಟರ್ 20,000 ಕಿ.ಮೀ. ತೋರಿಸುತ್ತಿದ್ದು, ಬ್ರೇಕ್ ಪೆಡಲ್‌ನ ರಬ್ಬರ್ ಸವೆದು, ಸ್ಟಿಯರಿಂಗ್ ನುಣುಪಾಗಿ, ಚಾಲಕರ ಸೀಟಿನ ಅಂಚು ಬಿರಿದಿದ್ದರೆ ಅನುಮಾನಪಡಿ. ಕಂಪನಿಯ ಸರ್ವಿಸ್ ದಾಖಲೆಯಲ್ಲಿ ಪ್ರತಿ ಭೇಟಿಯ ಕಿಲೋಮೀಟರ್ ಬರೆದಿರುತ್ತದೆ, ಅದನ್ನು ಕೇಳಿ ಪಡೆಯಿರಿ.

ಎರಡನೆಯದಾಗಿ, ಓಡದೆ ನಿಂತ ಕಾರೂ ಹಾಳಾಗುತ್ತದೆ. ಹೋಸ್, ಸೀಲ್, ಬುಷ್‌ಗಳ ರಬ್ಬರ್ ವಯಸ್ಸಿನಿಂದಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಗುಳ್ಳೆಗಳೇಳುತ್ತವೆ. ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗೀರು ಎಷ್ಟೇ ಆಳವಾಗಿದ್ದರೂ ಅಷ್ಟು ಹಳೆಯ ಟೈರಿನಲ್ಲಿ ವೇಗವಾಗಿ ಹೋಗುವುದು ಅಪಾಯ.

4. 'ನೀರಲ್ಲಿ ನಿಂತಿದ್ದ ಕಾರು, ಒಣಗಿಸಿದ್ದೇವೆ, ಏನೂ ಆಗಿಲ್ಲ'

ಅಪಾಯಕಾರಿ ಮಾತು.

2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಸುತ್ತ ನೀರು ನುಗ್ಗಿದಾಗ ಕೋಟಿ ಬೆಲೆಯ ಕಾರುಗಳೂ ಮುಳುಗಿದ್ದವು. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ ಇರುವುದರಿಂದ ಅಂಡರ್‌ಪಾಸ್‌ನ ಸ್ವಲ್ಪ ನೀರೂ ಅದಕ್ಕೆ ಹೆಚ್ಚೇ. ಎಂಜಿನ್ ಗಾಳಿಯನ್ನು ಅದುಮಲೆಂದೇ ಮಾಡಿದ್ದು. ನೀರನ್ನು ಅದುಮಲು ಆಗದು. ಸಿಲಿಂಡರ್‌ಗೆ ನೀರು ಹೋದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವೈರಿಂಗ್ ಒಳಗಿನ ತುಕ್ಕು ತಿಂಗಳುಗಳ ನಂತರ ತಲೆ ಎತ್ತುತ್ತದೆ.

ಪರೀಕ್ಷೆ ಸುಲಭ: ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು ಗಮನಿಸಿ. ಹಿಂದಿನ ಇನ್ಶೂರೆನ್ಸ್ ಕ್ಲೇಮುಗಳ ವಿವರ ಕೇಳಿ.

5. '100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಯಾವ ಕಾರಿಗಾದರೂ ಪವರ್ ಹೆಚ್ಚುತ್ತದೆ'

ಎಲ್ಲ ಕಾರಿಗೂ ಅಲ್ಲ.

ಆಕ್ಟೇನ್ ಅಂಕಿ ಪೆಟ್ರೋಲಿನ ಶಕ್ತಿಯ ಅಳತೆಯಲ್ಲ. ಒತ್ತಡದಲ್ಲಿ ಅದು ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ. ಹೆಚ್ಚು ಒತ್ತಡದ ಅಥವಾ ಟರ್ಬೊ ಇರುವ ಎಂಜಿನ್‌ಗಳಿಗೆ ಅದು ಬೇಕು. ಇಂಧನದ ಮುಚ್ಚಳದ ಒಳಗೆ ಯಾವ ಅಂಕಿ ಬರೆದಿದೆಯೋ ಅದನ್ನೇ ಹಾಕಿ. ಸಾಧಾರಣ ಎಂಜಿನ್‌ಗೆ ಹಾಕಿದರೆ ದೇವೇಗೌಡ ಪೆಟ್ರೋಲ್ ಬಂಕ್ ವೃತ್ತದಿಂದ ಬನಶಂಕರಿ ತಲುಪುವುದರಲ್ಲಿ ಜೇಬು ಹಗುರವಾದದ್ದಷ್ಟೇ ಗೊತ್ತಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು. ಹಾಗಾಗಿ ಟರ್ಬೊ ಇಲ್ಲದ ಎಂಜಿನ್ ಮಂಗಳೂರಿಗಿಂತ ಇಲ್ಲಿ ಶೇ 10ರ ಆಸುಪಾಸು ಕಡಿಮೆ ಶಕ್ತಿ ಕೊಡುತ್ತದೆ. ಅದು ರೋಗವಲ್ಲ, ರಿಪೇರಿಯೂ ಬೇಡ.

6. 'ಸೈಲೆನ್ಸರ್ ಬದಲಿಸಿ, ನಿಮ್ಮ ಕಾರು ನಿಮ್ಮಿಷ್ಟ'

ಕಾನೂನು ಹಾಗೆ ಹೇಳುವುದಿಲ್ಲ.

ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಬಣ್ಣ ಬದಲಿಸಬಹುದು, ಆದರೆ ಆರ್‌ಸಿಯಲ್ಲಿ ನಮೂದಿಸಬೇಕು. ಕಾರನ್ನು ಇನ್ನಷ್ಟು ತಗ್ಗಿಸುವ ಯೋಚನೆಯನ್ನಂತೂ ಬಿಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಗಳ ಉಬ್ಬುಗಳು ಈ ಲೆಕ್ಕ ಕೇಳಿ ಹಾಕಿದವಲ್ಲ ಎಂಬುದು ಅಲ್ಲಿ ದಿನವೂ ಓಡಾಡುವವರಿಗೆಲ್ಲ ಗೊತ್ತು.

ಕೊಂಡ ಮೇಲೆ ಯಾವುದು ಮೊದಲು?

ಹಣ ಇರುವಾಗ ಪೇಂಟಿಗೆ ಕೈ ಹೋಗುತ್ತದೆ. ಕ್ರಮ ತಿರುಗಿಸಿ. ಮೊದಲು ಟೈರು ಮತ್ತು ಬ್ರೇಕ್; ಆಮೇಲೆ ಎಲ್ಲ ಆಯಿಲ್‌ಗಳು, ಕೂಲಂಟ್, ಬೆಲ್ಟ್, ಹೋಸ್; ನಂತರ ರೇಡಿಯೇಟರ್ ಫ್ಯಾನ್ ಮತ್ತು ಕ್ಲಚ್, ಏಕೆಂದರೆ ನಮ್ಮ ಟ್ರಾಫಿಕ್‌ನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಇವೇ. ಚಂದ ಕಾಣಿಸುವ ಕೆಲಸ ಕೊನೆಗೆ. ಜೆ.ಸಿ. ರಸ್ತೆಯಲ್ಲಿ ಮಾಮೂಲಿ ಕಾರುಗಳ ಬಿಡಿಭಾಗ ಧಾರಾಳವಾಗಿ ಸಿಗುತ್ತವೆ, ಆದರೆ ಅಪರೂಪದ ಆಮದು ಮಾದರಿಗೆ ಒಂದು ಹೆಡ್‌ಲೈಟ್ ತರಿಸಲೂ ವಾರಗಟ್ಟಲೆ ಕಾಯಬೇಕಾಗಬಹುದು. ಅಡ್ವಾನ್ಸ್ ಕೊಡುವ ಮೊದಲೇ ಬಿಡಿಭಾಗಗಳ ಬೆಲೆ ವಿಚಾರಿಸಿ.

ಅಡ್ವಾನ್ಸ್ ಕೊಡುವ ಮುನ್ನ

• ವಾಹನ್ ಅಥವಾ ಎಂಪರಿವಾಹನ್‌ನಲ್ಲಿ ಸಾಲ, ಇನ್ಶೂರೆನ್ಸ್, ಬಾಕಿ ದಂಡ ನೋಡಿ.
• ಆರ್‌ಸಿಯ ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಕಾರಿನ ಮೇಲಿನದಕ್ಕೆ ಹೋಲಿಸಿ.
• ಬ್ಯಾಂಕ್ ಸಾಲ ಇದ್ದಿದ್ದರೆ ಫಾರ್ಮ್ 35 ಕೇಳಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಹೊರರಾಜ್ಯದ್ದಾದರೆ ಫಾರ್ಮ್ 28 ಕೂಡ.
• ತಣ್ಣಗಿರುವ ಎಂಜಿನ್ ನಿಮ್ಮ ಎದುರೇ ಸ್ಟಾರ್ಟ್ ಆಗಲಿ. ಬಿಸಿ ಮಾಡಿಟ್ಟ ಎಂಜಿನ್ ದೋಷ ಮುಚ್ಚಿಡುತ್ತದೆ.
• ಮಾರುವವರ ಮೆಕ್ಯಾನಿಕ್ ಬೇಡ. ನಿಮ್ಮವರಿಂದ ಲಿಫ್ಟ್ ಮೇಲೆ ಎತ್ತಿಸಿ ತಳ ನೋಡಿಸಿ, ಕಂಪ್ಯೂಟರ್ ಸ್ಕ್ಯಾನ್ ಮಾಡಿಸಿ.

ಒಟ್ಟಿನಲ್ಲಿ, ಹಳೆಯ ಸ್ಪೋರ್ಟ್ಸ್ ಕಾರಿನ ಆಸೆ ತಪ್ಪಲ್ಲ. ಕೊಳ್ಳುವ ಬೆಲೆ, ತೆರಿಗೆ, ಮೊದಲ ವರ್ಷದ ರಿಪೇರಿ ಮೂರನ್ನೂ ಕೂಡಿಸಿದ ಮೊತ್ತವೇ ಅದರ ನಿಜವಾದ ಬೆಲೆ. ಆ ಮೊತ್ತ ಕೈಗೆಟುಕಿದರೆ ಧೈರ್ಯವಾಗಿ ಮುಂದುವರಿಯಿರಿ. ಎಟುಕದಿದ್ದರೆ ಫೋಟೊ ನೋಡಿ ಖುಷಿಪಡಿ. ಫಾರ್ವರ್ಡ್ ಮಾಡುವುದಾದರೆ ಜೊತೆಗೆ ಈ ಲೆಕ್ಕವನ್ನೂ ಕಳಿಸಿ.