ಸಲೀಂ ಮಿರ್ಜಾ ಅಳುವುದಿಲ್ಲ: ಎಪ್ಪತ್ತರ ದಶಕದ ಅಭಿನಯದ ಕುರಿತು

ಸಿನಿಮಾದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗೆದ್ದ ಚಿತ್ರಗಳ ಲೆಕ್ಕ ಇಡುತ್ತಾರೆ. ಯಾವ ಚಿತ್ರ ಎಷ್ಟು ವಾರ ಓಡಿತು, ಯಾವ ನಾಯಕನ ಮಾತಿಗೆ ಎಷ್ಟು ಶಿಳ್ಳೆ ಬಿತ್ತು ಎಂಬುದೇ ಚರಿತ್ರೆಯಾಗಿಬಿಡುತ್ತದೆ. ಹಿಂದಿ ಚಿತ್ರರಂಗದ ಎಪ್ಪತ್ತರ ದಶಕವಂತೂ ಮಾತಿನ ದಶಕವೆಂದೇ ಹೆಸರಾಗಿದೆ. 1973ರ ‘ಜಂಜೀರ್’, 1975ರ ‘ದೀವಾರ್’ ಮತ್ತು ‘ಶೋಲೆ’ ಚಿತ್ರಗಳಿಗೆ ಸಲೀಂ-ಜಾವೇದ್ ಜೋಡಿ ಬರೆದ ಸಂಭಾಷಣೆಗಳನ್ನು ಜನ ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ‘ಶೋಲೆ’ಯ ಸಂಭಾಷಣೆಗಳು ಹಾಡುಗಳಂತೆ ಗ್ರಾಮಫೋನ್ ರೆಕಾರ್ಡಿನಲ್ಲಿ ಮಾರಾಟವಾದವು.

ಆದರೆ ಆ ದಶಕದ ಅತ್ಯುತ್ತಮ ಅಭಿನಯ ಯಾವುದು ಎಂದು ಯೋಚಿಸಿದಾಗ ಬೇರೆಯೇ ಒಂದು ಸಂಗತಿ ಕಾಣುತ್ತದೆ. ನೆನಪಿನಲ್ಲಿ ಉಳಿಯುವುದು ಮಾತಾಡಿದವರಲ್ಲ. ಮಾತಾಡಲು ಬಾರದವರು, ಮಾತಾಡುವಂತಿಲ್ಲದವರು, ಮಾತನ್ನು ನುಂಗಿಕೊಂಡವರು. ಅವರಲ್ಲಿ ನನ್ನ ಪಾಲಿಗೆ ಎಲ್ಲರಿಗಿಂತ ಮುಂದೆ ನಿಲ್ಲುವವರು ‘ಗರಂ ಹವಾ’ ಚಿತ್ರದ ಸಲೀಂ ಮಿರ್ಜಾ, ಅಂದರೆ ಬಲರಾಜ್ ಸಾಹನಿ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಆಕಸ್ಮಿಕವಾಗಿ. ಹೈಸ್ಕೂಲಿನ ದಿನಗಳಲ್ಲಿ ನಮ್ಮ ಮಾಮು ಒಂದು ರಾತ್ರಿಗೆಂದು ವಿಸಿಆರ್ ಬಾಡಿಗೆಗೆ ತಂದರು. ಜೊತೆಗೆ ಎರಡು ಕ್ಯಾಸೆಟ್. ಒಂದು ಬಚ್ಚನ್ನನದು. ಇನ್ನೊಂದನ್ನು ಅಂಗಡಿಯವನು ‘ಮುಸಲ್ಮಾನರ ಪಿಕ್ಚರ್’ ಎಂದು ಹೇಳಿ ಕೊಟ್ಟಿದ್ದನಂತೆ. ಮುಸಲ್ಮಾನರ ಪಿಕ್ಚರ್ ಎಂದರೆ ನವಾಬರು, ಶಾಯರಿ, ಮುಜ್ರಾ, ಝಗಮಗಿಸುವ ಷೇರವಾನಿ ಎಂದು ನಾವು ಮಕ್ಕಳು ಕಾದು ಕುಳಿತೆವು. ಪರದೆಯ ಮೇಲೆ ಬಂದದ್ದು ಆಗ್ರಾದ ಒಬ್ಬ ಚಪ್ಪಲಿ-ಬೂಟಿನ ಕಾರಖಾನೆಯ ಯಜಮಾನ. ರೈಲ್ವೆ ನಿಲ್ದಾಣದಲ್ಲಿ ಬಂಧುಗಳನ್ನು ಬೀಳ್ಕೊಟ್ಟು ಟಾಂಗಾ ಹತ್ತಿ ಮನೆಗೆ ಬರುವ, ನಡುವಯಸ್ಸು ದಾಟಿದ ಮನುಷ್ಯ. ಅಮ್ಮಿ ಮೆಲ್ಲಗೆ, “ಇವರು ನಮ್ಮ ಬಡೇ ಅಬ್ಬಾನ ಹಾಗೇ ಕೂರುತ್ತಾರಲ್ಲ” ಎಂದರು. ಒಬ್ಬ ನಟನಿಗೆ ಸಿಗಬಹುದಾದ ದೊಡ್ಡ ಪ್ರಶಸ್ತಿ ಅದೇ ಇರಬೇಕು ಎಂದು ಈಗ ಅನ್ನಿಸುತ್ತದೆ.

ಆ ದಶಕದ ಜನಪ್ರಿಯ ಚಿತ್ರಗಳಲ್ಲಿ ಮುಸ್ಲಿಮ್ ಪಾತ್ರಗಳಿಗೆ ಕೊರತೆಯಿರಲಿಲ್ಲ. ‘ಜಂಜೀರ್’ನಲ್ಲಿ ಪ್ರಾಣ್ ಅಭಿನಯಿಸಿದ, ಗೆಳೆತನಕ್ಕೆ ಪ್ರಾಣ ಕೊಡಬಲ್ಲ ಪಠಾಣ್ ಶೇರ್ ಖಾನ್ ಇದ್ದಾನೆ. 1977ರ ‘ಅಮರ್ ಅಕ್ಬರ್ ಆಂಥೊನಿ’ಯಲ್ಲಿ ಕವ್ವಾಲಿ ಹಾಡುವ ಅಕ್ಬರ್ ಇದ್ದಾನೆ. ‘ದೀವಾರ್’ನಲ್ಲಿ ನಾಯಕನ ಎದೆ ಕಾಯುವ 786ರ ಬಿಲ್ಲೆಯಿದೆ. 1972ರ ‘ಪಾಕೀಜಾ’ದಲ್ಲಿ ಮೀನಾ ಕುಮಾರಿಯ ಮರೆಯಲಾಗದ ಮುಖವಿದೆ. ಇವೆಲ್ಲ ಪ್ರೀತಿಯಿಂದ ಮಾಡಿದ ಪಾತ್ರಗಳೇ. ಆದರೆ ತಿಂಗಳ ಬಾಡಿಗೆ ಕಟ್ಟಬೇಕಾದ, ಮಗಳ ಮದುವೆಯ ಚಿಂತೆಯಿರುವ, ಬ್ಯಾಂಕಿನಲ್ಲಿ ಸಾಲ ಕೇಳಬೇಕಾದ ಮುಸಲ್ಮಾನ ಎಲ್ಲಿದ್ದ? ಅವನ ಮನೆಯ ಬಾಗಿಲನ್ನು ತೆರೆದವರು ಬೇರೆ ಕೆಲವರು.

ಅವರಲ್ಲಿ ಮೊದಲು ನೆನೆಯಬೇಕಾದವರು ಉರ್ದು ಕಥೆಗಾರ ರಾಜಿಂದರ್ ಸಿಂಗ್ ಬೇದಿ. ವಿಭಜನೆಯ ಕಾಲದಲ್ಲಿ ಲಾಹೋರ್ ಬಿಟ್ಟು ಬಂದ ಬೇದಿಯವರು ಮನೆ ಬದಲಿಸುವ ಕಥೆಯಿರುವ ತಮ್ಮದೇ ರೇಡಿಯೋ ನಾಟಕವನ್ನು ಆಧರಿಸಿ 1970ರಲ್ಲಿ ‘ದಸ್ತಕ್’ ಚಿತ್ರ ನಿರ್ದೇಶಿಸಿದರು. ಹೊಸದಾಗಿ ಮದುವೆಯಾದ ಹಮೀದ್ ಮತ್ತು ಸಲ್ಮಾ ಮುಂಬಯಿಯಲ್ಲಿ ಕಷ್ಟಪಟ್ಟು ಒಂದು ಮನೆ ಹಿಡಿಯುತ್ತಾರೆ. ಅಲ್ಲಿ ಮೊದಲು ಒಬ್ಬ ತವಾಯಿಫ್ ಇದ್ದಳೆಂಬುದು ಅವರಿಗೆ ಗೊತ್ತಿಲ್ಲ. ರಾತ್ರಿಯಾದರೆ ಹಳೆಯ ಗಿರಾಕಿಗಳು ಬಾಗಿಲು ಬಡಿಯುತ್ತಾರೆ. ಹಾಡುವುದು ಸಲ್ಮಾಳಿಗೆ ಪ್ರಾಣ; ಆದರೆ ಆಕೆ ಹಾಡಿದರೆ ಕೇರಿಯ ಸಂಶಯಕ್ಕೆ ಸಾಕ್ಷಿ ಸಿಕ್ಕಂತೆ. ಹೀಗಾಗಿ ಅವಳು ತನ್ನ ಮನೆಯಲ್ಲೇ ದನಿ ಅಡಗಿಸಿಕೊಂಡು ಬದುಕಬೇಕು. ಸಂಜೀವ್ ಕುಮಾರ್ ಮತ್ತು ರೆಹಾನಾ ಸುಲ್ತಾನ್ ಇಬ್ಬರಿಗೂ ಈ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಬಾಗಿಲು ಬಡಿದ ಸದ್ದಿಗೆ ಗಂಡಹೆಂಡಿರ ಮುಖದಲ್ಲಿ ಮೂಡುವ ಭಯ, ನಾಚಿಕೆ, ಸಿಟ್ಟು ಇವೇ ಅಲ್ಲಿನ ಸಂಭಾಷಣೆ.

ಅದೇ ಸಂಜೀವ್ ಕುಮಾರ್ 1972ರಲ್ಲಿ ಗುಲ್ಜಾರರ ‘ಕೋಶಿಶ್’ನಲ್ಲಿ ಪೂರ್ತಿಯಾಗಿ ಮಾತು ಬಿಟ್ಟರು. ಕಿವಿ ಕೇಳದ, ಮಾತು ಬಾರದ ದಂಪತಿಗಳಾಗಿ ಅವರೂ ಜಯಾ ಭಾದುರಿಯೂ ಅಭಿನಯಿಸಿದ ಚಿತ್ರ ಇದು. ಮಗು ಹುಟ್ಟಿದ ಮೇಲೆ ಅಪ್ಪ ಅದರ ಮುಂದೆ ಗಿಲಕಿ ಆಡಿಸುತ್ತಾನೆ. ಮಗು ತಿರುಗುವುದಿಲ್ಲ. ತಮ್ಮ ಕೊರತೆ ಮಗುವಿಗೂ ಬಂತೆಂದು ಇಬ್ಬರೂ ದಿಗಿಲುಬಿದ್ದು ಡಾಕ್ಟರ ಬಳಿ ಓಡುತ್ತಾರೆ. ನಿಜ ಏನೆಂದರೆ, ಗಿಲಕಿಯಲ್ಲೇ ಸದ್ದಿಲ್ಲ! ಸದ್ದಿಲ್ಲವೆಂದು ತಿಳಿಯುವುದಕ್ಕೂ ಕಿವಿ ಬೇಕಲ್ಲ. ನಗುವೂ ಅಳುವೂ ಒಟ್ಟಿಗೇ ಬರುವ ಈ ಪ್ರಸಂಗವನ್ನು ಸಂಜೀವ್ ಕುಮಾರ್ ಎಲ್ಲಿಯೂ ಕರುಣೆ ಬೇಡದೆ ನಿಭಾಯಿಸುತ್ತಾರೆ. ಎರಡನೆಯ ರಾಷ್ಟ್ರಪ್ರಶಸ್ತಿ ಅವರಿಗೆ ಸಂದದ್ದು ಈ ಪಾತ್ರಕ್ಕೆ.

1974ರಲ್ಲಿ ಶ್ಯಾಮ್ ಬೆನಗಲ್‌ರ ‘ಅಂಕುರ್’ ಬಂತು. ತೆಲಂಗಾಣದ ಹಳ್ಳಿಯೊಂದರ ಈ ಕಥೆಯಲ್ಲಿ ಕೇಳಿಬರುವುದು ದಖನಿ. ಶಾಲೆಯಲ್ಲಿ ಕಲಿತ ಉರ್ದುವಿನ ಮುಂದೆ ನಮ್ಮ ಮನೆಮಾತನ್ನು ಅಶುದ್ಧವೆಂದು ನಾಚುತ್ತಿದ್ದ ನನ್ನಂಥವರಿಗೆ, ಅದು ಗಂಭೀರ ಚಿತ್ರದ ಭಾಷೆಯಾಗಿ ಕೇಳಿಸಿದ್ದು ದೊಡ್ಡ ವಿಷಯ. ದಲಿತ ಹೆಣ್ಣು ಲಕ್ಷ್ಮಿಯಾಗಿ ಶಬಾನಾ ಆಜ್ಮಿ, ಜಮೀನ್ದಾರನ ಮಗನಾಗಿ ನಮ್ಮ ಅನಂತ್ ನಾಗ್. ಲಕ್ಷ್ಮಿಯ ಗಂಡ ಕಿಷ್ಟಯ್ಯ ಕಿವುಡ ಮತ್ತು ಮೂಗ. ಆ ಪಾತ್ರ ಸಾಧು ಮೆಹರ್ ಅವರದು. ಕೊನೆಯಲ್ಲಿ ಕೆಲಸ ಕೇಳಲು ಬರುತ್ತಿರುವ ಕಿಷ್ಟಯ್ಯನನ್ನು ಕಂಡು, ತನ್ನ ಪಾಪಕ್ಕೆ ತಾನೇ ಹೆದರಿದ ಒಡೆಯ ಚಾವಟಿಯಿಂದ ಬಡಿಯುತ್ತಾನೆ. ತಾನೇಕೆ ಪೆಟ್ಟು ತಿನ್ನುತ್ತಿದ್ದೇನೆಂದು ಕಿಷ್ಟಯ್ಯನಿಗೆ ತಿಳಿಯದು, ಕೇಳಲು ಮಾತಿಲ್ಲ. ಅಲ್ಲಿಯವರೆಗೆ ತಲೆತಗ್ಗಿಸಿ ದುಡಿದಿದ್ದ ಲಕ್ಷ್ಮಿಯ ಗಂಟಲು ಆಗ ಒಡೆಯುತ್ತದೆ. ಆ ಶಾಪದ ಕೂಗಿಗೆ ಅಷ್ಟು ಶಕ್ತಿ ಬಂದದ್ದು ಅದರ ಹಿಂದಿನ ಮೌನದಿಂದ. ಸಾಧು ಮೆಹರ್, ಶಬಾನಾ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

ಮರುವರ್ಷ ಅದೇ ಪ್ರಶಸ್ತಿ ಕನ್ನಡಕ್ಕೆ ಬಂತು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ (1975)ಯ ಚೋಮನಾಗಿ ಎಂ.ವಿ. ವಾಸುದೇವರಾವ್ ಶ್ರೇಷ್ಠ ನಟರೆನಿಸಿದರು. ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ. ಜಾತಿ ಅದನ್ನು ಅವನಿಗೆ ಕೊಡದು. ಒಡೆಯರ ಮುಂದೆ ಆಡಲಾಗದ ಮಾತನ್ನು ಅವನು ತನ್ನ ಗುಡಿಸಲಿನಲ್ಲಿ ದುಡಿ ಬಡಿದು ಆಡುತ್ತಾನೆ. ಭಾಷೆ ಬೇರೆ, ಮತ ಬೇರೆ. ಆದರೂ ಹಮೀದನ ಬಾಡಿಗೆ ಮನೆಗೂ ಚೋಮನಿಗೆ ಸಿಗದ ನೆಲಕ್ಕೂ ಸಂಬಂಧವಿಲ್ಲವೆಂದು ಹೇಗೆ ಹೇಳುವುದು? ನೆಲೆ ಇಲ್ಲದವನ ಮಾತಿಗೆ ಬೆಲೆ ಇಲ್ಲ ಎಂಬುದು ಇವರೆಲ್ಲರ ಕಥೆ.

ಈಗ ಸಲೀಂ ಮಿರ್ಜಾನ ಬಳಿ ಬರೋಣ. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕ್ಕೆ ಒಗ್ಗಿಸಿದರು. ನಿರ್ದೇಶಿಸಿದವರು ಮೈಸೂರಿನ ಎಂ.ಎಸ್. ಸತ್ಯು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಎರಡೂವರೆ ಲಕ್ಷ ರೂಪಾಯಿ ಸಾಲ, ಸ್ನೇಹಿತರಿಂದ ಪಡೆದ ಕ್ಯಾಮೆರಾ, ಇಪ್ಟಾ ಕಲಾವಿದರ ಒತ್ತಾಸೆ, ಇಷ್ಟೇ ಬಂಡವಾಳ. ಆಗ್ರಾದಲ್ಲಿ ಚಿತ್ರೀಕರಣಕ್ಕೆ ವಿರೋಧ ಬಂದಾಗ, ಜನರ ಗಮನ ಬೇರೆಡೆ ಸೆಳೆಯಲು ಫಿಲ್ಮ್ ತುಂಬದ ಕ್ಯಾಮೆರಾ ಹಿಡಿಸಿ ಒಂದು ನಕಲಿ ತಂಡವನ್ನೇ ಕಳುಹಿಸುತ್ತಿದ್ದರಂತೆ. ಸ್ಥಳದಲ್ಲಿ ಧ್ವನಿ ಮುದ್ರಿಸುವ ಅನುಕೂಲವೂ ಇರಲಿಲ್ಲ. ಮಾತುಗಳನ್ನು ಆಮೇಲೆ ಮುಂಬಯಿಯಲ್ಲಿ ಸೇರಿಸಲಾಯಿತು. ಎಂದರೆ, ಸಾಹನಿಯವರು ಸಲೀಂ ಮಿರ್ಜಾನನ್ನು ಎರಡು ಸಲ ಬದುಕಿದರು: ಒಮ್ಮೆ ದೇಹದಲ್ಲಿ, ಒಮ್ಮೆ ಧ್ವನಿಯಲ್ಲಿ.

ಕಥೆ ವಿಭಜನೆಯ ನಂತರದ ದಿನಗಳದು. ಅಣ್ಣ ಹಲೀಂ ಪಾಕಿಸ್ತಾನಕ್ಕೆ ಹೋಗುತ್ತಾನೆ. ಹವೇಲಿ ಅವನ ಹೆಸರಿನಲ್ಲಿದ್ದುದರಿಂದ ಅದು ವಲಸೆ ಹೋದವರ ಆಸ್ತಿಯಾಗಿ ಸಿಂಧಿ ನಿರಾಶ್ರಿತ ವ್ಯಾಪಾರಿ ಅಜ್ಮಾನಿಯ ಪಾಲಾಗುತ್ತದೆ. ಇಂದೋ ನಾಳೆಯೋ ಓಡಿಹೋಗುವವನೆಂದು ಬ್ಯಾಂಕು ಸಲೀಂ ಮಿರ್ಜಾನಿಗೆ ಸಾಲ ಕೊಡದು. ಬಾಡಿಗೆಗೆ ಮನೆ ಸಿಗದು. ಕೊನೆಗೆ ಅವನ ಮೇಲೆಯೇ ಗೂಢಚಾರಿಕೆಯ ಆಪಾದನೆ. ಇಷ್ಟಾದರೂ ಸಾಹನಿ ಒಮ್ಮೆಯೂ ದನಿ ಏರಿಸುವುದಿಲ್ಲ. ಕೈಯಲ್ಲಿ ಊರುಗೋಲು, ತಲೆಯ ಮೇಲೆ ಟೋಪಿ, ಮುಖದಲ್ಲಿ ಎಲ್ಲರಿಗೂ ಸಲಾಂ ಹೇಳುವ ಸೌಜನ್ಯ. ಅವಮಾನವಾದಾಗಲೆಲ್ಲ ಅದನ್ನು ಕಾಣದವರಂತೆ ನಟಿಸುತ್ತಾರೆ. ಸ್ವಾಭಿಮಾನಿ ಮನುಷ್ಯ ಹಾಗೆಯೇ ತಾನೆ ಮಾಡುವುದು? ನಮ್ಮ ಹಿರಿಯರಲ್ಲಿ ಎಷ್ಟು ಜನ ಹಾಗೆ ಮಾಡಿದ್ದನ್ನು ನಾವು ನೋಡಿಲ್ಲ!

ಮಗಳು ಆಮಿನಾ ಎರಡು ಸಲ ಮದುವೆಯ ಕನಸು ಕಂಡು, ಎರಡು ಸಲವೂ ಗಡಿಯಾಚೆಗೆ ಹೋದವರಿಂದ ಮೋಸಹೋಗಿ, ಪ್ರಾಣ ಕಳೆದುಕೊಳ್ಳುತ್ತಾಳೆ. ಹೆಣದ ಮುಂದೆ ಬಂದು ನಿಂತ ತಂದೆ ಅಳುವುದಿಲ್ಲ. ಹಿಂದಿ ಚಿತ್ರದ ವಾಡಿಕೆಯಂತೆ ಎದೆ ಬಡಿದುಕೊಳ್ಳುವುದಿಲ್ಲ. ಒಳಗೆ ಏನೋ ನಿಂತುಹೋದದ್ದು ಮಾತ್ರ ನಮಗೆ ಕಾಣುತ್ತದೆ. ಆ ದೃಶ್ಯದಲ್ಲಿ ಅಭಿನಯಿಸುವ ಸ್ವಲ್ಪ ಕಾಲ ಮುಂಚೆ ಸಾಹನಿಯವರು ತಮ್ಮ ಸ್ವಂತ ಮಗಳನ್ನು ಕಳೆದುಕೊಂಡಿದ್ದರು.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಸಾಹನಿಯವರು 1913ರಲ್ಲಿ ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. 1947ರಲ್ಲಿ ಆ ಊರು ಪಾಕಿಸ್ತಾನಕ್ಕೆ ಸೇರಿತು. ಕುಟುಂಬ ಮನೆ ಬಿಟ್ಟು ಈಚೆ ಬಂತು. ಅವರ ತಮ್ಮ ಭೀಷ್ಮ ಸಾಹನಿ ಅದೇ ನೋವಿನಿಂದ ‘ತಮಸ್’ ಕಾದಂಬರಿ ಬರೆದರು. ಅಜ್ಮಾನಿಯ ಪಾತ್ರ ಮಾಡಿದ ಎ.ಕೆ. ಹಂಗಲ್ ಕೂಡ ಕರಾಚಿ ಬಿಟ್ಟು ಬಂದವರು. ಅತ್ತಲಿಂದ ಮನೆ ಕಳೆದುಕೊಂಡು ಬಂದ ಹಿಂದೂ ನಟ, ಇತ್ತ ಮನೆ ಕಳೆದುಕೊಳ್ಳುತ್ತಿರುವ ಮುಸಲ್ಮಾನನಾಗಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ. ಕಳೆದುಕೊಂಡವನಿಗೆ ಸೇಡಿನ ದಾರಿಯೂ ಇರುತ್ತದೆ. ಸಾಹನಿ ಆರಿಸಿಕೊಂಡದ್ದು ನೆರೆಯವನ ನೋವನ್ನು ತನ್ನ ಮೈಮೇಲೆ ಹಾಕಿಕೊಳ್ಳುವ ದಾರಿಯನ್ನು. ಅಂದಹಾಗೆ, ಎರಡು ವರ್ಷಗಳ ನಂತರ ‘ಶೋಲೆ’ಯಲ್ಲಿ, ಮಗ ಸತ್ತದ್ದು ತಿಳಿಯದೆ, ಇಲ್ಲಿ ಏಕಿಷ್ಟು ಮೌನ ಎಂದು ಕೇಳುವ ಕುರುಡ ಇಮಾಮ್ ಸಾಹೇಬರೂ ಇದೇ ಹಂಗಲ್. ಆ ಗದ್ದಲದ ಚಿತ್ರದಲ್ಲೂ ಕರುಳು ಹಿಂಡುವುದು ಆ ಮೌನವೇ.

ಚಿತ್ರದ ಮುದುಕಿ ಅಮ್ಮನ ಪಾತ್ರಕ್ಕೆ ಮೊದಲು ಯೋಚಿಸಿದ್ದು ಗಾಯಕಿ ಬೇಗಂ ಅಖ್ತರ್ ಅವರನ್ನು. ಅದು ಕೂಡಿಬರಲಿಲ್ಲ. ಆಗ್ರಾದಲ್ಲೇ ಸಿಕ್ಕ, ಕಣ್ಣು ಮಂಜಾಗಿದ್ದ ಬದರ್ ಬೇಗಂ ಆ ಪಾತ್ರ ಮಾಡಿದರು. ಧ್ವನಿ ಕೊಟ್ಟವರು ದೀನಾ ಪಾಠಕ್. ಹವೇಲಿ ಬಿಡುವ ದಿನ ಆ ಮುದುಕಿ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಮೊಮ್ಮಗ ಎತ್ತಿಕೊಂಡು ಹೊರಗೆ ತರಬೇಕು. ಸಾಯುವ ಮುನ್ನ ಅವಳನ್ನು ಮೇನೆಯಲ್ಲಿ ಮತ್ತೆ ಅದೇ ಮನೆಗೆ ತರುತ್ತಾರೆ. ಮದುವಣಗಿತ್ತಿಯಾಗಿ ಬಂದ ಮನೆಯಲ್ಲಿ ಅವಳು ಕಣ್ಣು ಮುಚ್ಚುತ್ತಾಳೆ. ಅಂದು ನಮ್ಮ ಮನೆಯಲ್ಲಿ, ಗೋಡೆಗೆ ಒರಗಿ ತಸ್ಬೀಹ್ ಎಣಿಸುತ್ತಿದ್ದ ನಾನಿ ಕೈ ನಿಲ್ಲಿಸಿದರು. “ಘರ್ ಛೋಡ್‌ಕೋ ಕಾಂ ಜಾನಾ?” ಎಂದರು. ಮನೆ ಬಿಟ್ಟು ಎಲ್ಲಿಗೆ ಹೋಗುವುದು ಎಂದು. ಯಾರೂ ಉತ್ತರ ಕೊಡಲಿಲ್ಲ. ಬಚ್ಚನ್ನನ ಕ್ಯಾಸೆಟ್ಟನ್ನು ಅಂದು ರಾತ್ರಿ ಯಾರೂ ಕೇಳಲೂ ಇಲ್ಲ.

ಧ್ವನಿ ಸೇರಿಸುವ ಕೆಲಸ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ಬಲರಾಜ್ ಸಾಹನಿ ಹೃದಯಾಘಾತದಿಂದ ತೀರಿಕೊಂಡರು. ಮನುಷ್ಯ ಒಂಟಿಯಾಗಿ ಎಷ್ಟು ದಿನ ಬದುಕಬಲ್ಲ ಎಂಬರ್ಥದ ಮಾತು ಅವರು ಮುದ್ರಿಸಿದ ಕೊನೆಯ ಮಾತುಗಳಲ್ಲಿ ಒಂದೆಂದು ಹೇಳುತ್ತಾರೆ. ಕೋಮುಗಲಭೆಯಾದೀತೆಂಬ ಭಯದಿಂದ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೆ 1974ರಲ್ಲಿ ಅದು ಮೊದಲು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಗಲಭೆಯಾಗಲಿಲ್ಲ. ಜನ ಬಂದರು, ನೋಡಿದರು. ಇಲ್ಲಿ ಸಿಕ್ಕ ಸ್ವಾಗತ ಚಿತ್ರಕ್ಕೆ ದೇಶದ ಉಳಿದೆಡೆ ದಾರಿ ಮಾಡಿಕೊಟ್ಟಿತು. ಕನ್ನಡಿಗರು ಹೆಮ್ಮೆಪಡಬೇಕಾದ, ಆದರೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿಯಿದು. ರಾಷ್ಟ್ರೀಯ ಭಾವೈಕ್ಯದ ರಾಷ್ಟ್ರಪ್ರಶಸ್ತಿ ಚಿತ್ರಕ್ಕೆ ಬಂತು; ಬರವಣಿಗೆಗೆ ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದವು. ಸಾಹನಿಯವರ ಅಭಿನಯಕ್ಕೆ ಮಾತ್ರ ಇವೆರಡೂ ದೊರೆಯಲಿಲ್ಲ.

ಕೊನೆಯ ದೃಶ್ಯದಲ್ಲಿ ಸಲೀಂ ಮಿರ್ಜಾ ಸೋತು, ಪಾಕಿಸ್ತಾನಕ್ಕೆಂದು ಟಾಂಗಾ ಹತ್ತಿರುತ್ತಾನೆ. ದಾರಿಯಲ್ಲಿ ಕೆಲಸ ಕೇಳುವ ಯುವಕರ ಮೆರವಣಿಗೆ ಅಡ್ಡ ಬರುತ್ತದೆ. ಮಗ ಸಿಕಂದರ್ ಇಳಿದು ಅದನ್ನು ಸೇರುತ್ತಾನೆ. ಫಾರೂಕ್ ಶೇಖ್ ಅವರ ಮೊದಲ ಚಿತ್ರವಿದು. ಸ್ವಲ್ಪ ಹೊತ್ತಿಗೆ, ಹೆಂಡತಿಗೆ ಮನೆಗೆ ಹಿಂದಿರುಗಲು ಹೇಳಿ, ತಂದೆಯೂ ಇಳಿಯುತ್ತಾನೆ. ಈ ಮುಕ್ತಾಯ ತೀರಾ ಸಲೀಸಾಯಿತು, ನೋವಿಗೆ ಬಾವುಟ ಅಂಟಿಸಿದಂತಾಯಿತು ಎಂದು ಹೇಳುವವರಿದ್ದಾರೆ. ಆ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಟಾಂಗಾದಿಂದ ಇಳಿಯುವ ಸಾಹನಿಯವರನ್ನು ಗಮನಿಸಿ ನೋಡಿದಾಗ ನನಗೆ ಕಾಣುವುದು ಬಾವುಟವಲ್ಲ. ಬಹಳ ದಿನ ಒಬ್ಬನೇ ನಡೆದು ದಣಿದವನು ಜನರ ನಡುವೆ ಇಟ್ಟ ಹೆಜ್ಜೆ.

ಹೊಸ ಮುದ್ರಿಕೆಯಾಗಿ ‘ಗರಂ ಹವಾ’ 2014ರಲ್ಲಿ ಮತ್ತೆ ತೆರೆಗೆ ಬಂದಾಗ ಇನ್ನೊಮ್ಮೆ ನೋಡಿದೆ. ಆ ವೇಳೆಗೆ ನಾನಿ ಇರಲಿಲ್ಲ. ಬಾಡಿಗೆಗೆ ಮನೆ ಹುಡುಕುವ ದೃಶ್ಯ ಬಂದಾಗ, ಪಕ್ಕದಲ್ಲಿ ಕುಳಿತಿದ್ದ ಹುಡುಗರಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಸಣ್ಣಗೆ ನಕ್ಕರು. ಹೆಸರು ಹೇಳಿದೊಡನೆ ‘ಮನೆ ಆಗಲೇ ಕೊಟ್ಟುಬಿಟ್ಟೆವು’ ಎಂಬ ಉತ್ತರ ಕೇಳಿಸಿಕೊಂಡವರ ನಗು ಅದು, ನನಗೂ ಪರಿಚಿತವಾದದ್ದು. ದಶಕಗಳು ಉರುಳಿದರೂ ಒಂದು ಅಭಿನಯ ಹಳತಾಗದಿರುವುದು ಕಲೆಯ ಗೆಲುವು. ಆದರೆ ಅದು ಹಳತಾಗದಿರುವುದಕ್ಕೆ ಕಾರಣ ನಾವೂ ಆಗಿದ್ದರೆ, ಅದು ಸಂತೋಷಪಡುವ ವಿಷಯವಲ್ಲ.