ವಾರಕ್ಕೊಂದು ಜಾತ್ರೆ

1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಝಿಬಿಸ್ಕೋಗೂ ಕುಸ್ತಿ ಬಿತ್ತು. ಶುರುವಿನಲ್ಲೇ ಗಾಮಾ ಅವನನ್ನು ಕೆಳಗೆ ಕೆಡವಿದ. ಆಮೇಲೆ ಝಿಬಿಸ್ಕೋ ಏಳುವ ಯೋಚನೆಯನ್ನೇ ಬಿಟ್ಟ. ಹೊಟ್ಟೆ ಅಡಿಯಾಗಿ ಮಲಗಿ ನೆಲ ಕಚ್ಚಿ ಹಿಡಿದ. ಐದು ಹತ್ತು ನಿಮಿಷವಲ್ಲ, ಎರಡೂವರೆ ಗಂಟೆ! ಜನ ಕೂಗಾಡಿದರು, ಬೈದರು. ಕೊನೆಗೆ ಸಮ ಅಂತ ಮುಗಿಸಿದರು. ಒಂದು ವಾರ ಬಿಟ್ಟು ಮತ್ತೆ ಕುಸ್ತಿ ಇಟ್ಟರೆ ಝಿಬಿಸ್ಕೋ ಬರಲೇ ಇಲ್ಲ. ಇಬ್ಬರೂ ಮತ್ತೆ ಎದುರಾದದ್ದು 1928ರಲ್ಲಿ, ಪಟಿಯಾಲದಲ್ಲಿ. ಒಂದು ನಿಮಿಷವೂ ಆಗಿರಲಿಲ್ಲ, ಗಾಮಾ ಗೆದ್ದಿದ್ದ. ಆ ನಿಮಿಷಕ್ಕೋಸ್ಕರ ಜನ 18 ವರ್ಷ ಕಾದಿದ್ದರು.

ಈಗ ನನ್ನ ಕಥೆಗೆ ಬರೋಣ. ಬೆಂಗಳೂರಿಗೆ ಬಂದ ಮೇಲೆ ಆರೇಳು ವರ್ಷ ಭಾನುವಾರ ಬೆಳಿಗ್ಗೆ ಅಲಾರಾಂ ಇಟ್ಟುಕೊಂಡು ಯುಎಫ್‌ಸಿ ನೋಡಿದವನು ನಾನು. ರೂಮಿನಲ್ಲಿ ನಾಲ್ಕೈದು ಜನ ಸೇರ್ತಿದ್ವಿ, ಇಡ್ಲಿ ತರಿಸ್ತಿದ್ವಿ, ಕಿರುಚಾಡ್ತಿದ್ವಿ. ಈಗ ಯಾರೂ ಏಳಲ್ಲ. ಮಧ್ಯಾಹ್ನ ಎದ್ದು ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ತುಣುಕು ನೋಡಿದರೆ ಆಯ್ತು. ಈ ವಾರ ಯಾರು ಹೊಡೆದಾಡಿದರು ಅಂತ ಕೇಳಿದರೆ ನಮ್ಮಲ್ಲಿ ಒಬ್ಬನಿಗೂ ಹೆಸರು ನೆನಪಿರಲ್ಲ. ವರ್ಷಕ್ಕೆ 40ಕ್ಕೂ ಹೆಚ್ಚು ಕಾರ್ಯಕ್ರಮ, ಒಂದೊಂದರಲ್ಲಿ ಹನ್ನೆರಡು ಹದಿಮೂರು ಜೋಡಿ. ಯಾರ ತಲೆಯಲ್ಲಿ ಉಳೀಬೇಕು ಹೇಳಿ?

1993ರ ನವೆಂಬರಿನಲ್ಲಿ ಡೆನ್ವರಿನಲ್ಲಿ ಇದು ಶುರುವಾದಾಗ ಹೀಗಿರಲಿಲ್ಲ. ಎಂಟೇ ಜನ, ಒಂದೇ ರಾತ್ರಿ, ತೂಕದ ಲೆಕ್ಕವೂ ಇಲ್ಲ. ಸುಮಾರು 80 ಕೆ.ಜಿ.ಯ ರಾಯ್ಸ್ ಗ್ರೇಸಿ ಮೂವರನ್ನು ಸೋಲಿಸಿ ಗೆದ್ದ. ಬಾಕ್ಸರ್ ದೊಡ್ಡವನೋ ಕುಸ್ತಿಯವನೋ ಅನ್ನೋ ಪ್ರಶ್ನೆಗೆ ಉತ್ತರ ಬೇಕಿತ್ತು, ಜನ ಅದಕ್ಕೇ ನೋಡಿದರು. 2001ರಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದ ಕಂಪನಿ 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಹೋಯ್ತು. 2023ರಲ್ಲಿ ಡಬ್ಲ್ಯುಡಬ್ಲ್ಯುಇ ಜೊತೆ ಸೇರಿ ಎರಡೂ ಒಂದೇ ಕಂಪನಿಯಾದವು. ನಿಜವಾದ ಹೊಡೆದಾಟ, ಬರೆದಿಟ್ಟ ಹೊಡೆದಾಟ, ಎರಡಕ್ಕೂ ಒಬ್ಬನೇ ಸಾವ್ಕಾರ.

ನಮ್ಮ ಕಡೆಯ ಕುಸ್ತಿಯ ಇತಿಹಾಸ ಇದಕ್ಕೆ ತಲೆಕೆಳಗು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗ ಇದೆ. ಮಲ್ಲರ ದರ್ಜೆ, ಊಟ, ಕಸರತ್ತು ಎಲ್ಲ ಅದರಲ್ಲಿದೆ. ಇನ್ನು ಮೈಸೂರು ದಸರಾದ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜಟ್ಟಿಗಳು ವಿಜಯದಶಮಿಯ ದಿನ ಅರಮನೆಯಲ್ಲಿ ಎದುರಾಗ್ತಾರೆ. ನೆತ್ತಿಯಲ್ಲಿ ರಕ್ತ ಕಂಡ ಕೂಡಲೇ ನಿಲ್ಲಿಸ್ತಾರೆ. ಕೆಲವು ಸಲ ಕಣ್ಣು ಮಿಟುಕಿಸೋದರಲ್ಲಿ ಮುಗಿದಿರುತ್ತೆ. ಇನ್ನೊಮ್ಮೆ ನೋಡಬೇಕಂದರೆ ಮುಂದಿನ ದಸರಾನೇ. (ಬೆಂಗಳೂರಿನ ಗೆಳೆಯನೊಬ್ಬ ಇದನ್ನು ‘ಟಿಕೆಟ್ಟಿಗೆ ಮೋಸ’ ಅಂದಿದ್ದ. ಅವನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.)

ನಾನು ಮಣ್ಣೂರಿನವನು, ಅಫಜಲಪುರ ತಾಲೂಕು, ಭೀಮಾ ನದಿ ದಂಡಿ. 1948ರವರೆಗೆ ನಿಜಾಮನ ಸೀಮೆ. ಆದರೂ ಪೈಲ್ವಾನರ ಮುಖ ಇದ್ದದ್ದು ಸೊಲ್ಲಾಪುರ, ಕೊಲ್ಹಾಪುರದ ಕಡೆ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಖಾಸಬಾಗ್ ಮೈದಾನ ಕಟ್ಟಿಸಿದ್ದರು, ಗಂಗಾವೇಶ, ಮೋತಿಬಾಗದಂಥ ತಾಲೀಮುಗಳಿದ್ದವು. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹಣ್ಣು ಬೆರೆಸಿದ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಹೊರಳಾಡಿ ಬಂದವನು ಜಾತ್ರೆಯ ಫಡದಲ್ಲಿ ಇಳೀತಿದ್ದ.

ಜಾತ್ರೆಯ ಜಂಗಿ ನಿಕಾಲಿ ಕುಸ್ತಿ ನೋಡದವರಿಗೆ ಸ್ವಲ್ಪ ಹೇಳ್ತೀನಿ. ಹಲಗಿ ಸಪ್ಪಳದ ಜೊತೆ ಮೊದಲು ಸಣ್ಣ ಹುಡುಗರು ಬರ್ತಾರೆ, ಅವರಿಗೆ ತೆಂಗಿನಕಾಯಿ ಬಹುಮಾನ. ಹೊತ್ತು ಇಳಿದಂತೆ ಮೈಯೂ ದೊಡ್ಡದಾಗುತ್ತೆ, ರೊಕ್ಕವೂ ದೊಡ್ಡದಾಗುತ್ತೆ. ಕಡೇ ಕುಸ್ತಿಗೆ ಬೆಳ್ಳಿ ಕಡೆ. ಅಂಕ ಇಲ್ಲ, ಗಡಿಯಾರ ಇಲ್ಲ. ಬೆನ್ನು ಮಣ್ಣಿಗೆ ಹತ್ತಿದರೆ ಮುಗೀತು. ಆದರೆ ಅಸಲಿ ವಿಷಯ ಪಟ್ಟಿನಲ್ಲಿ ಇರಲಿಲ್ಲ. ಈತ ಯಾರ ಮಗ, ಯಾವ ಉಸ್ತಾದನ ಕೈಯಲ್ಲಿ ಕಲಿತ, ಯಾವ ಎಮ್ಮೆ ಹಾಲು ಕುಡಿದು ಬೆಳೆದ ಅನ್ನೋದು ಫಡದ ಸುತ್ತ ಕೂತ ಎಲ್ಲರಿಗೂ ಗೊತ್ತಿರುತ್ತಿತ್ತು. ಹೋದ ವರ್ಷ ಸೋತವನ ಸಿಟ್ಟು ಈ ವರ್ಷದ ತನಕ ಊರೆಲ್ಲ ಜೀವಂತ ಇರುತ್ತಿತ್ತು.

ಜನ ಬೇಸತ್ತದ್ದು ನಮ್ಮಲ್ಲೂ ಆಗಿದೆ. ದಾರಾ ಸಿಂಗ್, ಕಿಂಗ್ ಕಾಂಗ್ ಕಾಲದ ಫ್ರೀಸ್ಟೈಲ್ ಹುಚ್ಚು ಎಂಥಾದ್ದು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. 1968ರಲ್ಲಿ ಮುಂಬೈನಲ್ಲಿ ದಾರಾ ಸಿಂಗ್ ಲೂ ಥೆಸ್‌ನನ್ನು ಸೋಲಿಸಿದಾಗ ದೇಶವೇ ಕುಣಿದಿತ್ತು. ಆಮೇಲೆ ‘ಇದೆಲ್ಲ ನೂರಾ ಕುಸ್ತಿ’, ಅಂದರೆ ಮೊದಲೇ ಮಾತಾಡಿಕೊಂಡದ್ದು ಅನ್ನೋ ಗುಮಾನಿ ಹಬ್ಬಿತು. ಟಿಕೆಟ್ ಕೊಂಡು ಹೋಗುತ್ತಿದ್ದವರು ಮೆಲ್ಲಗೆ ಕಡಿಮೆಯಾದರು. 2022ರ ನವೆಂಬರಿನಲ್ಲಿ ಯುಎಫ್‌ಸಿಯ ಒಂದು ಪಂದ್ಯದ ಬೆಟ್ಟಿಂಗ್ ಮೇಲೆ ಶಂಕೆ ಬಂದು ತನಿಖೆ ನಡೆದಾಗ ನನಗೆ ಮೊದಲು ನೆನಪಾದದ್ದು ಆ ಶಬ್ದವೇ.

ಊರಲ್ಲಿ ನನ್ನ ಕಾಕಾ ಒಬ್ಬರಿದ್ದಾರೆ, ಹಳೇ ಪೈಲ್ವಾನರು, ಕಿವಿ ಇನ್ನೂ ಮುರುಟಿಕೊಂಡೇ ಇದೆ. 2024ರ ಜೂನಿನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯಳಾದಾಗ ಅವರಿಗೆ ವಿಡಿಯೋ ಕಳಿಸಿದ್ದೆ. ಪೂರಾ ನೋಡಿ ಫೋನ್ ಮಾಡಿದರು.

“ಹುಡುಗಿ ಗಟ್ಟಿ ಅದಾಳ ತಮ್ಮಾ. ಅಲ್ಲಿ ಸೋತಾಂವಗ ರೊಕ್ಕ ಕೊಡ್ತಾರೇನು?”

ಕೊಡ್ತಾರೆ, ಆದರೆ ಸಾಮಾನ್ಯವಾಗಿ ಗೆದ್ದವರಿಗಿಂತ ಅರ್ಧ ಅಂದೆ. ಕಂಪನಿಗೆ ಬರೋ ದುಡ್ಡಿನಲ್ಲಿ ನಮಗೆ ಸಿಗೋದು ತೀರಾ ಕಡಿಮೆ ಅಂತ ಆಟಗಾರರು 2014ರಲ್ಲಿ ಕೋರ್ಟಿಗೆ ಹೋದ ಕಥೆಯನ್ನೂ ಹೇಳಿದೆ. ಹತ್ತು ವರ್ಷ ಎಳೆದಾಡಿ ಆ ಕೇಸು 37.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ನಮ್ಮ ಫಡದಲ್ಲಿ ಸೋತವನ ಕೈಗೂ ಏನಾದರೂ ಹಾಕಿಯೇ ಕಳಿಸೋದು ಪಂಚರ ಕೆಲಸ. ಇಲ್ಲಾಂದ್ರೆ ಮುಂದಿನ ವರ್ಷ ಯಾರು ಬರ್ತಾರೆ ಅಂತ ಕಾಕಾ ನಕ್ಕರು.

2025ರಲ್ಲಿ ಪ್ಯಾರಮೌಂಟ್ ಏಳು ವರ್ಷದ ಪ್ರಸಾರಕ್ಕೆ 770 ಕೋಟಿ ಡಾಲರ್ ಕೊಡುವ ಸುದ್ದಿ ಬಂದಾಗ ಅದನ್ನೂ ಹೇಳಿದೆ. ಇಷ್ಟು ಜನ ಬೇಜಾರಾಗಿ ನೋಡೋದನ್ನ ಬಿಟ್ಟಿದ್ದೀವಿ, ಆದರೂ ಇಷ್ಟು ದುಡ್ಡು ನೋಡಿ ಕಾಕಾ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಹಂಗಾದ್ರ ಫಡದ ಸುತ್ತ ಈಗ ಯಾರ್ ಕುಂತಾರೋ ತಮ್ಮಾ?”